ಚೀನಾದ ಟ್ಯಾಂಕ್ ಗುರುತು ಹಿಡಿಯುವುದು: ಚಕ್ರದಿಂದ ಮೇಲಕ್ಕೆ

ಟಿವಿಯಲ್ಲೋ ವಾಟ್ಸಾಪಿನಲ್ಲೋ ಚೀನಾ ಟ್ಯಾಂಕಿನ ಫೋಟೊ ಬಂದರೆ ಎಲ್ಲರ ಕಣ್ಣೂ ಮೊದಲು ತೋಪಿನ ಮೇಲೆ ಹೋಗುತ್ತದೆ, ಆಮೇಲೆ ಟರೆಟ್ ಮೇಲೆ, ಅಂದರೆ ತೋಪು ಹೊತ್ತು ತಿರುಗುವ ಗೋಪುರದ ಮೇಲೆ. ಎಡವಟ್ಟಾಗುವುದು ಅಲ್ಲೇ. ತೋಪು, ಟರೆಟ್, ಅದರ ಮೇಲೆ ಕೂರಿಸಿದ ಕವಚ ಇವೆಲ್ಲ ಹತ್ತು-ಹದಿನೈದು ವರ್ಷಕ್ಕೊಮ್ಮೆ ಬದಲಾಗುವ ಸಾಮಾನು. ಹಳೇ ಟ್ಯಾಂಕಿಗೂ ಹೊಸ ತೋಪು ಕೂರಿಸುವುದುಂಟು. ಒಡಲು, ಅಂದರೆ ಟರೆಟ್ ಕೆಳಗಿನ ಭಾಗ, ಹಾಗಲ್ಲ. ಚಕ್ರ ಎಷ್ಟು, ಎಷ್ಟೆಷ್ಟು ದೂರಕ್ಕೆ, ಎಂಜಿನ್ ಎಲ್ಲಿ, ಡ್ರೈವರ್ ಎಲ್ಲಿ ಎಂಬುದನ್ನು ಬದಲಿಸಬೇಕಾದರೆ ಕಾರ್ಖಾನೆಯನ್ನೇ ಬದಲಿಸಿದಂತೆ. ಇಲ್ಲಿಯವರೆಗೆ ಸೇನೆಗೆ ರಾಶಿಗಟ್ಟಲೆ ಸೇರಿದ ಚೀನೀ ಮುಖ್ಯ ಟ್ಯಾಂಕ್‌ಗಳೆಲ್ಲ ಮೂರೇ ಒಡಲಿನ ಮನೆತನಕ್ಕೆ ಸೇರಿದವು: ಟೈಪ್ 59ರದು, ಟೈಪ್ 80-96ರದು, ಟೈಪ್ 99ರದು. ಹಗುರ ಟ್ಯಾಂಕ್‌ಗಳು ಬೇರೆ. ಆದ್ದರಿಂದ ನೆಲದಿಂದ ಶುರುಮಾಡಿ ಮೇಲಕ್ಕೆ ಹೋಗಿ. ಒಡಲು ಮನೆತನ ಹೇಳುತ್ತದೆ, ಟರೆಟ್ಟು ಅದು ಯಾವ ಕಾಲದ್ದು ಎಂದು ಹೇಳುತ್ತದೆ.

ಬೇಕಾದ ಸರಂಜಾಮು ಕಡಿಮೆ. ಪಕ್ಕದಿಂದ ತೆಗೆದ ಸ್ಪಷ್ಟ ಫೋಟೊಗಳು, ಒಂದು ಗ್ರಾಫ್ ಪುಸ್ತಕ, ಪೆನ್ಸಿಲ್, ಸ್ಕೇಲು. 50ರಲ್ಲಿ 1ರ ಅಳತೆಗೆ ಎಳೆಯಿರಿ. ಟೈಪ್ 59ರ ಒಡಲು ತೋಪು ಬಿಟ್ಟು 6.04 ಮೀಟರ್, ಗ್ರಾಫಿನಲ್ಲಿ 12 ಸೆಂ.ಮೀ. ಚಿಲ್ಲರೆ. ಚಕ್ರದ ವ್ಯಾಸ ಸುಮಾರು 81 ಸೆಂ.ಮೀ., ಕಾಗದದ ಮೇಲೆ 1.6. ಒಮ್ಮೆ ಕೈಯಾರೆ ಎಳೆದವರಿಗೆ ಮೊದಲ ಮತ್ತು ಎರಡನೇ ಚಕ್ರದ ನಡುವಿನ ಸಂದು ಮರೆಯುವುದಿಲ್ಲ. ನೂರು ಫೋಟೊ ನೋಡಿದರೂ ಬಾರದ ಗುರುತು ಒಂದು ಚಿತ್ರ ಎಳೆದರೆ ಬರುತ್ತದೆ. ಮಾಡೆಲ್ ಕಟ್ಟುವ ಹವ್ಯಾಸದವರು ಈ ಹೆಜ್ಜೆ ಬಿಟ್ಟರೂ ನಡೆದೀತು, ಕಿಟ್ ಜೋಡಿಸುವಾಗ ಕೈಗೇ ಅದು ಗೊತ್ತಾಗಿರುತ್ತದೆ.

ಐದು ಚಕ್ರ ಇದ್ದರೆ

ಎಣಿಸುವಾಗ ನೆಲ ಮುಟ್ಟುವ ಚಕ್ರಗಳನ್ನು ಮಾತ್ರ ಎಣಿಸಿ. ಹಿಂದುಗಡೆ ಮೇಲೆತ್ತರದಲ್ಲಿರುವ ಹಲ್ಲಿನ ಚಕ್ರ ಟ್ರ್ಯಾಕ್ (ಚಕ್ರಗಳನ್ನು ಸುತ್ತಿದ ಉಕ್ಕಿನ ಪಟ್ಟಿ) ಎಳೆಯುವುದು, ಮುಂದುಗಡೆ ಮೇಲಿರುವುದು ಟ್ರ್ಯಾಕ್ ಬಿಗಿ ಹಿಡಿಯುವುದು. ಇವೆರಡನ್ನೂ ಸೇರಿಸಿ ‘ಏಳು ಚಕ್ರ’ ಎನ್ನುವುದು ಹೊಸಬರು ಮಾಡುವ ಮಾಮೂಲಿ ತಪ್ಪು.

ಐದು ದೊಡ್ಡ ಚಕ್ರ, ಒಂದು-ಎರಡರ ನಡುವೆ ಎದ್ದು ಕಾಣುವ ಸಂದು, ಟ್ರ್ಯಾಕಿನ ಮೇಲ್ಭಾಗ ಚಕ್ರಗಳ ಮೇಲೇ ಒರಗಿರುವುದು: ಇಷ್ಟಿದ್ದರೆ ಅದು ಸೋವಿಯತ್ ಟಿ-54ರ ಸಂತಾನ. ಚೀನಾ ಟಿ-54ಎ ನಕಾಶೆ ಹಿಡಿದು ಒಳ ಮಂಗೋಲಿಯಾದ ಬಾವೊಟೌನಲ್ಲಿ 1958ರಲ್ಲಿ ತಯಾರಿಕೆ ಶುರುಮಾಡಿತು. 1959ರ ಅಕ್ಟೋಬರ್ 1ರ ಪೆರೇಡಿನಲ್ಲಿ ಅವು ಟಿಯಾನನ್ಮೆನ್ ಚೌಕ ದಾಟಿದವು. 36 ಟನ್ ತೂಕ, 520 ಅಶ್ವಶಕ್ತಿಯ ವಿ-12 ಡೀಸೆಲ್, 100 ಮಿ.ಮೀ. ತೋಪು, ನಾಲ್ಕು ಜನ. 1960ರಲ್ಲಿ ಸೋವಿಯತ್ ತಜ್ಞರು ಗಂಟುಮೂಟೆ ಕಟ್ಟಿ ಹೋದರು, 1966ರಿಂದ ಸಾಂಸ್ಕೃತಿಕ ಕ್ರಾಂತಿಯ ಗದ್ದಲ. ಹೀಗಾಗಿ ಇದೇ ಒಡಲನ್ನು ಕಾಲು ಶತಮಾನ ತಯಾರಿಸುತ್ತಲೇ ಹೋದರು, ಒಟ್ಟು ಸುಮಾರು 10,000.

ಐದು ಚಕ್ರ ಎಂದ ಕೂಡಲೇ ಸೋವಿಯತ್ ಟಿ-62 ಜತೆ ಗಲಿಬಿಲಿ ಆಗುತ್ತದೆ. ಅದರಲ್ಲೂ ಐದೇ, ಆದರೆ ಸಂದು ಹಿಂದಿದೆ: ಮೂರು-ನಾಲ್ಕರ ನಡುವೆ ಒಂದು, ನಾಲ್ಕು-ಐದರ ನಡುವೆ ಒಂದು. ಟಿ-55 ಜತೆಗಿನ ಗೊಂದಲ ಇನ್ನೂ ಕಷ್ಟ, ಚಕ್ರದಲ್ಲಿ ವ್ಯತ್ಯಾಸವೇ ಇಲ್ಲ. ಅಲ್ಲಿ ಚಾವಣಿ ನೋಡಬೇಕು. ಟಿ-54 ಮತ್ತು ಟೈಪ್ 59ರ ಟರೆಟ್ ಮೇಲೆ ಬಲಗಡೆ ಮುಂದಕ್ಕೆ ಅಣಬೆಯಾಕಾರದ ಗಾಳಿಕಿಂಡಿಯ ಮುಚ್ಚಳ ಉಬ್ಬಿ ನಿಂತಿರುತ್ತದೆ, ಟಿ-55ರಲ್ಲಿ ಅದಿಲ್ಲ. ಫೋಟೊ ಮಸುಕಾಗಿದ್ದರೆ ಈ ಉಬ್ಬು ಮಾಯವಾಗುತ್ತದೆ, ಆಗ ಹಟ ಹಿಡಿಯಬೇಡಿ.

ಇದು ನಮ್ಮ ಸೇನೆಗೇ ಜೀವ-ಮರಣದ ಪ್ರಶ್ನೆಯಾಗಿತ್ತು. 1971ರಲ್ಲಿ ಪಾಕಿಸ್ತಾನದ ಕೈಯಲ್ಲಿ ಟೈಪ್ 59, ನಮ್ಮ ಕೈಯಲ್ಲಿ ಟಿ-54, ಟಿ-55. ಧೂಳಿನಲ್ಲಿ ಸಾವಿರ ಮೀಟರ್ ಆಚೆ ನಿಂತವನಿಗೆ ಎರಡೂ ಒಂದೇ. ಅದಕ್ಕೇ ನಮ್ಮವರು ತೋಪಿನ ನಳಿಕೆಯ ನಡುಭಾಗಕ್ಕೆ ಸುಳ್ಳು ಉಬ್ಬೊಂದನ್ನು ತೊಡಿಸಿದರು. ನಿಜವಾದ ಉಬ್ಬಿಗೆ ಫ್ಯೂಮ್ ಎಕ್ಸ್‌ಟ್ರಾಕ್ಟರ್ ಎನ್ನುತ್ತಾರೆ. ಗುಂಡು ಹಾರಿದ ಮೇಲೆ ಹೊಗೆ ಟರೆಟ್ ಒಳಗೆ ನುಗ್ಗದೆ ಬಾಯಿಯ ಕಡೆಗೇ ಹೋಗುವಂತೆ ಮಾಡುವ ಟೊಳ್ಳು ಡಬ್ಬಿ ಅದು. 100 ಮಿ.ಮೀ. ತೋಪಿನಲ್ಲಿ ಈ ಡಬ್ಬಿ ನಳಿಕೆಯ ತುದಿಯಲ್ಲೇ ಇರುತ್ತದೆ. ನಡುವಿನಲ್ಲೂ ಒಂದು ಕಂಡರೆ ನಮ್ಮದು, ತುದಿಯಲ್ಲಿ ಮಾತ್ರ ಇದ್ದರೆ ಅವರದು. 1971ರ ಫೋಟೊಗಳನ್ನು ನೋಡುವಾಗ ಈ ಒಂದು ಗುರುತು ಸಾಕು. ಅದನ್ನು ಬಿಟ್ಟು ಟರೆಟ್ ಆಕಾರ ನೋಡುತ್ತಾ ಕೂತರೆ ಸಂಜೆಯಾದೀತು.

ಇದೇ ಡಬ್ಬಿ ಮುಂದಿನ ಹೆಜ್ಜೆಗೂ ಕೀಲಿಕೈ. ಐದು ಚಕ್ರದ ಚೀನೀ ಟ್ಯಾಂಕಿನಲ್ಲಿ ಡಬ್ಬಿ ತುದಿಯಲ್ಲಿದ್ದರೆ 100 ಮಿ.ಮೀ., ಅಂದರೆ 59 ಅಥವಾ 69. ನಳಿಕೆಯ ನಡುವಿನಲ್ಲಿದ್ದರೆ 105 ಮಿ.ಮೀ., ಅಂದರೆ 59-2 ಅಥವಾ 79. ಈ 105 ತೋಪು ಬ್ರಿಟಿಷ್ ಎಲ್7 ವಂಶದ್ದು, 1980ರ ದಶಕದಲ್ಲಿ ಪಶ್ಚಿಮದ ತಂತ್ರಜ್ಞಾನ ಚೀನಾಕ್ಕೆ ಸಿಗುತ್ತಿದ್ದಾಗ ಬಂದದ್ದು. 1989ರ ನಂತರ ಆ ಬಾಗಿಲು ಮುಚ್ಚಿತು. ಒಂದು ಎಚ್ಚರಿಕೆ: ನಮ್ಮ ಟಿ-55ಗಳಿಗೂ ಆಮೇಲೆ 105 ತೋಪು ಕೂರಿಸಿದ್ದಾರೆ. ಹಾಗಾಗಿ 71ರ ಸುಳ್ಳು ಉಬ್ಬಿನ ಸೂತ್ರವನ್ನು 1990ರ ಫೋಟೊಗೆ ಹಚ್ಚಿದರೆ ಕೈಕೊಡುತ್ತದೆ. ಫೋಟೊದ ಇಸವಿ ಮೊದಲು, ಸೂತ್ರ ಆಮೇಲೆ.

59 ಮತ್ತು 69ನ್ನು ಬೇರೆ ಮಾಡಲು ಎದುರಿನಿಂದ ತೆಗೆದ ಫೋಟೊ ಬೇಕು. 69ರಲ್ಲಿ ಎರಡೂ ಬದಿಯ ಮಡ್‌ಗಾರ್ಡ್ ಮೇಲೆ ಹೆಡ್‌ಲೈಟ್‌ಗಳಿರುತ್ತವೆ. ರಫ್ತಿಗೆ ಹೋದ 69-2ರಲ್ಲಿ ತೋಪಿನ ಬುಡದ ಮೇಲೆ ಲೇಸರ್ ದೂರಮಾಪಕದ ಡಬ್ಬಿಯೊಂದು ಬಯಲಾಗಿ ಕೂತಿರುತ್ತದೆ. ಅದು ಒಳ್ಳೆಯ ಗುರುತು, ಆದರೆ ಸುಧಾರಿಸಿದ ಕೆಲವು ಟಿ-55ಗಳಲ್ಲೂ ಅಂಥ ಡಬ್ಬಿ ಇರುವುದರಿಂದ ಅದೊಂದನ್ನೇ ನಂಬಬೇಡಿ. ಇರಾಕಿಗೆ 1980ರ ದಶಕದಲ್ಲಿ ಹೋದವು ಇವೇ. 1991ರಲ್ಲಿ ಮರುಭೂಮಿಯಲ್ಲಿ ಸುಟ್ಟುಬಿದ್ದ ಟ್ಯಾಂಕ್‌ಗಳ ಫೋಟೊಗಳಿಗೆಲ್ಲ ‘ಟಿ-55’ ಎಂದು ಶೀರ್ಷಿಕೆ ಹಾಕಿರುತ್ತಾರೆ. ಆ ಡಬ್ಬಿ ಹುಡುಕಿ ನೋಡಿ, ಎಷ್ಟೋ ಕಡೆ ಚೀನೀ ಮಾಲು ಸಿಗುತ್ತದೆ.

69ರ ಹೆಸರಿನಲ್ಲಿರುವ ಅಂಕಿಯನ್ನು ನಂಬಿ ಇಸವಿ ಬರೆಯಬೇಡಿ. ಅದಕ್ಕೆ ಅಧಿಕೃತ ಒಪ್ಪಿಗೆ ಸಿಕ್ಕಿದ್ದು 1974ರಲ್ಲಿ. ನಡುವೆ ನಡೆದದ್ದು ಇದು: 1969ರ ಮಾರ್ಚ್‌ನಲ್ಲಿ ಉಸ್ಸುರಿ ನದಿಯ ಝೆನ್‌ಬಾವೊ ದ್ವೀಪದ ಬಳಿ ಸೋವಿಯತ್ ಪಡೆ ಜತೆ ಕಾಳಗವಾಯಿತು. 545 ಸಂಖ್ಯೆಯ ಟಿ-62 ಒಂದು ಹೆಪ್ಪುಗಟ್ಟಿದ ನದಿಯ ಮೇಲೇ ನಿಂತುಹೋಗಿ ಆಮೇಲೆ ಮುಳುಗಿತು. ಚೀನೀಯರು ಅದನ್ನು ಮೇಲೆತ್ತಿ ಬಿಚ್ಚಿ ನೋಡಿದರು. ರಾತ್ರಿ ನೋಡುವ ಇನ್‌ಫ್ರಾರೆಡ್ ಸಾಧನ ಮುಂತಾದವು ಅಲ್ಲಿಂದ 69ಕ್ಕೆ ಬಂದವು. ಆ 545 ಈಗಲೂ ಬೀಜಿಂಗಿನ ಮಿಲಿಟರಿ ಮ್ಯೂಸಿಯಂನಲ್ಲಿದೆ.

ಆರು ಚಕ್ರ ಇದ್ದರೆ

ಆರು ಚಕ್ರ, ಅವುಗಳ ಮೇಲೆ ಟ್ರ್ಯಾಕ್ ಹೊತ್ತ ಪುಟ್ಟ ರೋಲರುಗಳು ಕಂಡರೆ ಹೊಸ ಒಡಲು ಎಂದರ್ಥ. ಇಲ್ಲಿ ಎರಡು ಮನೆತನ, ಬೇರೆ ಮಾಡುವುದೇ ನಿಜವಾದ ಕೆಲಸ.

ಮೊದಲ ಮನೆತನ 80ರದು. 1979ರಲ್ಲಿ ವಿಯೆಟ್ನಾಂ ಗಡಿಯಲ್ಲಿ ಹಳೆಯ ಟೈಪ್ 59, ಹಗುರ ಟೈಪ್ 62ಗಳು ಹೆಗಲ ಮೇಲಿಟ್ಟು ಹೊಡೆಯುವ ರಾಕೆಟ್‌ಗಳಿಗೆ ಸುಲಭದ ತುತ್ತಾದ ಮೇಲೆ ಹೊಸ ಒಡಲಿನ ಕೆಲಸಕ್ಕೆ ವೇಗ ಬಂತು. ಟೈಪ್ 80ರ ಚಕ್ರಗಳು 59ರವಕ್ಕಿಂತ ಚಿಕ್ಕವು. ಆದರೆ ಟರೆಟ್ ಮಾತ್ರ ಇನ್ನೂ ಹಳೇ ಎರಕದ್ದೇ, ಬೋರಲು ಹಾಕಿದ ಬಾಣಲೆಯ ಹಾಗೆ ದುಂಡಗೆ. ಆದ್ದರಿಂದ ಆರು ಚಕ್ರ, ದುಂಡು ಟರೆಟ್, ನಡುವಿನಲ್ಲಿ ಡಬ್ಬಿಯಿರುವ 105 ತೋಪು ಮೂರೂ ಸೇರಿದರೆ 80 ಅಥವಾ 88. ಟರೆಟ್ಟಿನ ದುಂಡು ಹೋಗಿ ಬೆಸುಗೆ ಹಾಕಿದ ಚಪ್ಪಟೆ ಫಲಕಗಳು ಬಂದದ್ದು 85ರಲ್ಲಿ. ಅದರ ರಫ್ತು ಆವೃತ್ತಿಯಲ್ಲಿ 125 ಮಿ.ಮೀ. ನಯ ನಳಿಕೆಯ ತೋಪು ಮತ್ತು ಆಟೊಲೋಡರ್ (ಗುಂಡು ತಾನೇ ತುಂಬುವ ಯಂತ್ರ) ಬಂತು, ಸಿಬ್ಬಂದಿ ನಾಲ್ಕರಿಂದ ಮೂರಕ್ಕಿಳಿಯಿತು. ಪಾಕಿಸ್ತಾನ ಕೊಂಡದ್ದು ಇದನ್ನು. ಚೀನಾದ ಸೇನೆಗೆ ಇದೇ ದಾರಿಯಲ್ಲಿ ಬಂದದ್ದು ಟೈಪ್ 96. ಆಮೇಲೆ 96ಎ ಬಂದಾಗ ಟರೆಟ್ ಮುಖಕ್ಕೆ ಚೂಪು ಮೊನೆಯ ಕವಚ ತೊಡಿಸಿದರು. ಜನ ಮೋಸ ಹೋಗುವುದು ಈ ಮೊನೆಗೇ, ಯಾಕೆಂದರೆ 99ರಲ್ಲೂ ಅಂಥದೇ ಇದೆ.

ಎರಡನೇ ಮನೆತನ 99ರದು. ಇರಾಕಿನ ಟ್ಯಾಂಕ್‌ಗಳು 1991ರಲ್ಲಿ ಮಣ್ಣು ಮುಕ್ಕಿದ್ದನ್ನು ಕಂಡ ಮೇಲೆ ಈ ಮೂರನೇ ತಲೆಮಾರಿನ ಟ್ಯಾಂಕಿನ ಅವಸರ ಹೆಚ್ಚಿತು. ಇದರ ಮುಖ್ಯ ವಿನ್ಯಾಸಕಾರ ಝು ಯುಶೆಂಗ್, ಮದ್ದುಗುಂಡಿನ ಪ್ರಯೋಗವೊಂದರಲ್ಲಿ ಬಲಗೈ ಕಳೆದುಕೊಂಡಿದ್ದ ಮನುಷ್ಯ. 1999ರ ಅಕ್ಟೋಬರ್ 1ರ ಪೆರೇಡಿನಲ್ಲಿ ಮೊದಲು ಕಂಡದ್ದು ಟೈಪ್ 98 ಎಂಬ ಹೆಸರಲ್ಲಿ, ಟರೆಟ್ ಮುಖ ಬೋಳಾಗಿ, ಹೆಚ್ಚುಕಡಿಮೆ ನೇರವಾಗಿ ನಿಂತಿತ್ತು. ಮೊನೆಯಾಕಾರದ ಕವಚ ತೊಟ್ಟು ಬಂದದ್ದು 99. ಒಡಲಿನ ರೀತಿ ಸೋವಿಯತ್ ಟಿ-72ರದು: ದೊಡ್ಡ ಆರು ಚಕ್ರ, ಡ್ರೈವರ್ ನಟ್ಟನಡುವೆ.

96 ಮತ್ತು 99 ಬೇರೆ ಮಾಡಲು ಡ್ರೈವರ್ ಎಲ್ಲಿದ್ದಾನೆ ನೋಡಿ. 96ರಲ್ಲಿ ಅವನು ಎಡಬದಿಯಲ್ಲಿ ಕೂರುತ್ತಾನೆ, 59ರಿಂದ ಬಂದ ಪದ್ಧತಿ. ಮೊದಲ 98, 99ಗಳಲ್ಲಿ ನಡುವೆ. ಪೆರೇಡ್ ಫೋಟೊಗಳಲ್ಲಿ ಡ್ರೈವರ್ ತಲೆ ಹೊರಗಿರುತ್ತದೆ, ಆದ್ದರಿಂದ ಕೆಲಸ ಸಲೀಸು. ಇನ್ನೊಂದು ಗುರುತು: 99ರ ಟರೆಟ್ ಚಾವಣಿಯ ಹಿಂಭಾಗದಲ್ಲಿ ತಿರುಗುವ ಡಬ್ಬಿಯೊಂದಿದೆ, ಎದುರಾಳಿಯ ದುರ್ಬೀನು-ಸೈಟುಗಳನ್ನು ಕುರುಡಾಗಿಸುವ ಲೇಸರ್. 96ರಲ್ಲಿ ಅದಿಲ್ಲ.

2015ರ ಸೆಪ್ಟೆಂಬರ್ 3ರ ಪೆರೇಡಿಗೆ ಬಂದ 99ಎಗೆ 1,500 ಅಶ್ವಶಕ್ತಿಯ ಎಂಜಿನ್, ಮೊದಲಿನ 99ರದು 1,200. ಎಂಜಿನ್ ಫೋಟೊದಲ್ಲಿ ಕಾಣುವುದಿಲ್ಲವಲ್ಲ! ಎದುರಿನ ಒಂದೇ ಫೋಟೊ ಹಿಡಿದು 99, 99ಎ ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ. ‘99 ಸರಣಿ’ ಎಂದು ಬರೆದರೆ ಯಾರೂ ತಪ್ಪು ಹಿಡಿಯಲಾರರು.

ಪಾಕಿಸ್ತಾನದ ಫೋಟೊ ಎಂದಾದರೆ ಪಟ್ಟಿ ಬೇರೆ. ಅಲ್ಲಿ 96 ಇಲ್ಲ, 99 ಇಲ್ಲ. 59, 69, 59ನ್ನೇ 125 ತೋಪಿಗೆ ಏರಿಸಿದ ಅಲ್-ಝರಾರ್ (ಚಕ್ರ ಐದೇ!), 85, ಟಕ್ಷಿಲಾದಲ್ಲಿ ಕಟ್ಟಿದ ಅಲ್-ಖಾಲಿದ್, ಇತ್ತೀಚೆಗೆ ವಿಟಿ-4. ಜತೆಗೆ ಉಕ್ರೇನಿನ ಟಿ-80ಯುಡಿ. ಅಲ್-ಖಾಲಿದ್‌ಗೂ ಉಕ್ರೇನಿನ 1,200 ಅಶ್ವಶಕ್ತಿಯ ಎಂಜಿನ್ನೇ.

ಚಕ್ರದ ಮಾತು ಬಂದಾಗ ಇದನ್ನೂ ಹೇಳಬೇಕು: 2016ರಲ್ಲಿ ರಷ್ಯಾದ ಟ್ಯಾಂಕ್ ಬಯಾತ್ಲಾನ್ ಸ್ಪರ್ಧೆಯಲ್ಲಿ ಚೀನಾದ 96ಬಿಯ ಒಂದು ಚಕ್ರ ಓಟದ ನಡುವೆಯೇ ಕಳಚಿ ಬಿತ್ತು. ಆ ಫೋಟೊದಲ್ಲಿ ಐದೇ ಚಕ್ರ ಕಾಣುತ್ತದೆಂದು 59 ಎನ್ನಬೇಡಿ. ನಕ್ಕು ಹಗುರಾಗುವ ಮೊದಲು, ಮರುವರ್ಷ ಅದೇ ಸ್ಪರ್ಧೆಯಲ್ಲಿ ನಮ್ಮ ಎರಡೂ ಟಿ-90ಗಳು ಕೆಟ್ಟು ನಿಂತು ಹೊರಬಿದ್ದವು ಎಂಬುದೂ ನೆನಪಿರಲಿ.

ಬೆಟ್ಟಕ್ಕೆ ಕಟ್ಟಿದ ಹಗುರ ಟ್ಯಾಂಕ್

ಹಳೆಯ ಟೈಪ್ 62 ಎಂದರೆ 59ನ್ನೇ 21 ಟನ್ನಿಗೆ ಕುಗ್ಗಿಸಿದ್ದು, 85 ಮಿ.ಮೀ. ತೋಪು. ಐದು ಚಕ್ರ ಸರಿ, ಆದರೆ ಒಂದು-ಎರಡರ ನಡುವಿನ ಆ ದೊಡ್ಡ ಸಂದು ಇಲ್ಲ. ಗದ್ದೆ, ಗುಡ್ಡಗಳ ದಕ್ಷಿಣ ಚೀನಾಕ್ಕೆಂದು ಮಾಡಿದ್ದು.

ನಮಗೆ ಮುಖ್ಯವಾದದ್ದು ಟೈಪ್ 15. 2018ರ ಡಿಸೆಂಬರ್‌ನಲ್ಲಿ ಚೀನಾದ ರಕ್ಷಣಾ ಸಚಿವಾಲಯ ಇದು ಸೇನೆಗೆ ಸೇರಿದೆಯೆಂದು ಒಪ್ಪಿಕೊಂಡಿತು, 2019ರ ಪೆರೇಡಿನಲ್ಲಿ ತೋರಿಸಿತು. 33 ಟನ್, ಹೆಚ್ಚುವರಿ ಕವಚ ತೊಟ್ಟರೆ 36ರವರೆಗೆ. 105 ಮಿ.ಮೀ. ತೋಪು, ಸುಮಾರು 1,000 ಅಶ್ವಶಕ್ತಿ, ಮೂರು ಜನ. ಈ ಲೆಕ್ಕ ಯಾಕೆಂದರೆ, ಲಡಾಖಿನಲ್ಲಿ 4,300 ಮೀಟರ್ ಎತ್ತರದ ಗಾಳಿ ಮುಂಬಯಿ ಕಡಲತೀರದ ಗಾಳಿಗಿಂತ ಮೂರನೇ ಒಂದು ಭಾಗದಷ್ಟು ತೆಳು. ಡೀಸೆಲ್ ಎಂಜಿನ್ನಿಗೆ ಉಸಿರು ಸಾಲದೆ ಶಕ್ತಿ ಇಳಿಯುತ್ತದೆ. ಐವತ್ತು ಟನ್ನಿನದು ಏದುಸಿರು ಬಿಡುವಲ್ಲಿ ಮೂವತ್ತಮೂರರದು ಏರುತ್ತದೆ. 2020ರ ಬಿಕ್ಕಟ್ಟಿನ ನಂತರ ಡಿಆರ್‌ಡಿಒ ಮತ್ತು ಎಲ್‌ಆ್ಯಂಡ್‌ಟಿ ಸೇರಿ 25 ಟನ್ನಿನ ಝೋರಾವರ್ ಕಟ್ಟಿದ್ದೂ ಇದೇ ಕಾರಣಕ್ಕೆ.

ಟೈಪ್ 15 ಗುರುತಿಸುವಾಗ ಆರು ಚಕ್ರ ನೋಡಿ 96 ಎಂದುಬಿಡುವುದು ಸಾಮಾನ್ಯ. ತೋಪು ನೋಡಿ: 105ರ ನಳಿಕೆ ಸಪೂರ. ಟರೆಟ್ಟಿನ ಹಿಂಭಾಗ ಉದ್ದಕ್ಕೆ ಚಾಚಿದೆ, ಗುಂಡುಗಳೂ ಆಟೊಲೋಡರೂ ಅಲ್ಲಿವೆ. 96, 99ರಲ್ಲಿ ಗುಂಡುಗಳ ತಿರುಗುತಟ್ಟೆ ಸಿಬ್ಬಂದಿಯ ಕಾಲಬುಡದಲ್ಲಿ, ಹಿಂದೆ ಜೋತಿರುವುದು ಸಾಮಾನಿನ ಬುಟ್ಟಿ ಮಾತ್ರ.

2025ರ ಸೆಪ್ಟೆಂಬರ್ 3ರಂದು ತೋರಿಸಿದ ಟೈಪ್ 100ಕ್ಕೆ ಈ ಲೆಕ್ಕಗಳು ಪೂರ್ತಿ ಹೊಂದುವುದಿಲ್ಲ. ಅದರ ಟರೆಟ್ಟಿನಲ್ಲಿ ಜನರೇ ಇಲ್ಲ, ಎಲ್ಲರೂ ಒಡಲಿನೊಳಗೆ. ಚಾವಣಿಯಲ್ಲಿ ಹ್ಯಾಚ್ ತೆರೆದು ಕಮಾಂಡರ್ ನಿಂತಿಲ್ಲದಿದ್ದರೆ, ಟರೆಟ್ ಮೂಲೆಗಳಲ್ಲಿ ಚಪ್ಪಟೆ ರಾಡಾರ್ ಫಲಕಗಳಿದ್ದರೆ ಅದೇ ಎಂದು ತಿಳಿಯಿರಿ.

ಸ್ಕರ್ಟ್ ಮುಚ್ಚಿದ್ದರೆ

ಸ್ಕರ್ಟ್, ಅಂದರೆ ಪಕ್ಕಕ್ಕೆ ಇಳಿಬಿಟ್ಟ ಫಲಕ, ಚಕ್ರಗಳ ಮೇಲರ್ಧ ಮರೆಮಾಡುತ್ತದೆ, ರೋಲರ್ ಕಾಣದು. ಚಿಂತೆ ಬೇಡ, ಟ್ರ್ಯಾಕ್ ನೆಲಕ್ಕೆ ಒತ್ತುವ ಜಾಗದಲ್ಲಿ ಚಕ್ರದ ಕೆಳ ಅಂಚು ಕಾಣುತ್ತದೆ. ಫೋಟೊ ದೊಡ್ಡದು ಮಾಡಿ ಆ ಅಂಚುಗಳ ಮಧ್ಯಬಿಂದುಗಳಿಗೆ ಪೆನ್ಸಿಲ್ ಗುರುತು ಹಾಕಿ ಅಳೆಯಿರಿ. ಒಂದು-ಎರಡರ ದೂರ ಮಿಕ್ಕವುಗಳಿಗಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ 59ರ ಒಡಲು. ಓರೆಯಾಗಿ ತೆಗೆದ ಫೋಟೊದಲ್ಲಿ ಹತ್ತಿರದ ಸಂದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವುದರಿಂದ ಮುಂಭಾಗ ನಮ್ಮ ಕಡೆಗಿದ್ದರೆ ಈ ಅಳತೆ ಸುಳ್ಳು ಹೇಳುತ್ತದೆ. ಅಂಥಲ್ಲಿ ಎಣಿಕೆ ಮಾತ್ರ ನಂಬಿ.

ಬಣ್ಣ, ಡಿಜಿಟಲ್ ಚೌಕಗಳ ಮರೆವಿನ್ಯಾಸ ಯಾವುದನ್ನೂ ಗುರುತಿಗೆ ಬಳಸಬೇಡಿ. ಒಂದು ದಿನದಲ್ಲಿ ಬದಲಾಗುವ ವಸ್ತು ಅದು.

ಕಣ್ಣು ಪಳಗಿಸಲು ಅಹಿಲ್ಯಾನಗರ

ಪುಣೆಯವರಿಗೆ ಒಂದು ಅನುಕೂಲ ಇದೆ. 120 ಕಿ.ಮೀ. ದೂರದ ಅಹಿಲ್ಯಾನಗರದಲ್ಲಿ, ಅಂದರೆ ನಿನ್ನೆಮೊನ್ನೆಯವರೆಗಿನ ಅಹ್ಮದ್‌ನಗರದಲ್ಲಿ, ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ಬೆಳಗಿನ ಎಸ್‌ಟಿ ಹಿಡಿದರೆ ಒಂದೇ ದಿನದಲ್ಲಿ ಹೋಗಿಬರಬಹುದು. ಡಿಸೆಂಬರ್-ಜನವರಿ ಬೆಳಗ್ಗೆ ಒಳ್ಳೆಯದು, ಓರೆ ಬಿಸಿಲಿಗೆ ಚಕ್ರಗಳ ನೆರಳು ಬೇರೆಬೇರೆ ಬೀಳುತ್ತದೆ. ನಡುಮಧ್ಯಾಹ್ನ ಎಲ್ಲವೂ ಚಪ್ಪಟೆ.

ಅಲ್ಲಿ ಮೂರನ್ನು ಬಿಡದೆ ನೋಡಿ. ನಮ್ಮ ವಿಜಯಂತ ಟ್ಯಾಂಕಿನಲ್ಲಿರುವುದು ಅದೇ ಎಲ್7 105 ತೋಪು, ನಳಿಕೆಯ ಯಾವ ಭಾಗದಲ್ಲಿ ಡಬ್ಬಿ ಕೂತಿದೆ ಎಂದು ಅಳತೆ ಬರೆದುಕೊಳ್ಳಿ, 59-2 ಮತ್ತು 79ಕ್ಕೂ ಅದೇ ಅಂದಾಜು. ಜಪಾನಿನ ಟೈಪ್ 97 ಚಿ-ಹಾ ಎದುರು ಸ್ವಲ್ಪ ನಿಲ್ಲಿ. ಚೀನೀ ಕಮ್ಯುನಿಸ್ಟ್ ಪಡೆಯ ಮೊಟ್ಟಮೊದಲ ಟ್ಯಾಂಕ್, 1945ರಲ್ಲಿ ಶೆನ್ಯಾಂಗಿನಲ್ಲಿ ಕೈಗೆ ಸಿಕ್ಕಿದ್ದು, ಇದೇ ಜಾತಿಯದು. ಮೂರನೆಯದು ಎಂ-47 ಪ್ಯಾಟನ್: ಆರು ಚಕ್ರ, ಮೇಲೆ ರೋಲರ್. ಆರು ಚಕ್ರ ಕಂಡದ್ದೆಲ್ಲ ಚೀನಾದ್ದಲ್ಲ ಎಂದು ಕಣ್ಣಿಗೆ ಬುದ್ಧಿ ಕಲಿಸಲು ಅದು ಬೇಕು.

ಮನೆಯಲ್ಲಿ ಕೂತು ಪರೀಕ್ಷೆ ಮಾಡಿಕೊಳ್ಳುವವರಿಗೆ 2021ರ ಫೆಬ್ರುವರಿಯಲ್ಲಿ ಪ್ಯಾಂಗಾಂಗ್ ಸರೋವರದ ದಂಡೆಯಿಂದ ಎರಡೂ ಸೇನೆ ಹಿಂದೆ ಸರಿದಾಗ ನಮ್ಮ ಸೇನೆ ಬಿಡುಗಡೆ ಮಾಡಿದ ವಿಡಿಯೊಗಳಿವೆ. ದೂರ, ಧೂಳು, ಅಲುಗಾಟ ಎಲ್ಲ ಇರುವುದರಿಂದ ನಿಜವಾದ ಕಷ್ಟ ಗೊತ್ತಾಗುತ್ತದೆ. ನಿಲ್ಲಿಸಿ, ಚಕ್ರ ಎಣಿಸಿ, ಬರೆದಿಟ್ಟು ಆಮೇಲೆ ಮುಂದೆ ಓಡಿಸಿ. ಫೋಟೊಗೆ ಶೀರ್ಷಿಕೆ ಬರೆಯುವ ಕೆಲಸದಲ್ಲಿರುವವರು ಕಾಣದ್ದನ್ನು ಸೇರಿಸದೆ ಮನೆತನದವರೆಗೆ ಮಾತ್ರ ಬರೆಯಲಿ: ‘59 ಒಡಲಿನ ಚೀನೀ ಟ್ಯಾಂಕ್, 105 ಮಿ.ಮೀ. ತೋಪು’. ಅದು ‘ಟೈಪ್ 79’ ಎಂಬ ಊಹೆಗಿಂತ ಎಷ್ಟೋ ಮೇಲು.

ಕೊನೆಯದಾಗಿ ರೈಲಿನ ವಿಷಯ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಓಡಾಡುವವರಿಗೆ ದೌಂಡ್ ಜಂಕ್ಷನ್ ಗೊತ್ತು. ಅಲ್ಲಿಂದ ಮನ್ಮಾಡ್ ಕಡೆಗೆ ಕವಲೊಡೆಯುವ ಹಳಿ ಅಹಿಲ್ಯಾನಗರದ ಮೇಲೇ ಹೋಗುತ್ತದೆ, ಆರ್ಮರ್ಡ್ ಕೋರಿನ ಕೇಂದ್ರ ಇರುವುದೂ ಆ ಊರಲ್ಲೇ. ಸೇನೆಯ ಸಾಮಾನು ಹೊತ್ತ ಗಾಡಿ ಪಕ್ಕದ ಹಳಿಯಲ್ಲಿ ನಿಂತರೆ ಚಕ್ರ ಎಣಿಸಿ ಸುಮ್ಮನಿರಿ, ಮೊಬೈಲ್ ತೆಗೆಯಬೇಡಿ. ಖಡಕಿ, ದೇಹೂ ರಸ್ತೆಯ ದಂಡುಪ್ರದೇಶಗಳಿಗೂ ಇದೇ ಮಾತು. 1923ರ ಅಧಿಕೃತ ರಹಸ್ಯ ಕಾಯ್ದೆಗೆ ಹವ್ಯಾಸಿ, ಗೂಢಚಾರ ಎಂಬ ಭೇದ ಮೊದಲಿಗೆ ಗೊತ್ತಾಗುವುದಿಲ್ಲ. ಮ್ಯೂಸಿಯಂನಲ್ಲೂ ಕ್ಯಾಮೆರಾ ತೆಗೆಯುವ ಮುಂಚೆ ಗೇಟಿನಲ್ಲಿ ಕೇಳಿ.